ಜ್ವರದ ತೂಕ

ಗುಡ್ಡಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ ಕುರಿ ಕಾಯುವ ಒಬ್ಬ ತಾಯಿ ಇದ್ದಳಂತೆ. ಅವಳಿಗೆ ಒಬ್ಬನೇ ಮಗ. ಒಂದು ದಿನ ಜ್ವರ ನೆಂಟರ ಹಾಗೆ ಬಂದು, ಕಾಲಿಗೆ ನೀರು ಕೇಳಿ, ಒಳಗೆ ಹೋಗಿ ಮಗನ ಎದೆಯ ಮೇಲೆ ಕೂತುಬಿಟ್ಟಿತಂತೆ. ಏಳು ಅಂದರೆ ಏಳಲಿಲ್ಲ. ಉಂಡು ಹೋಗು ಅಂದರೆ ಉಂಡಿತು, ಹೋಗಲಿಲ್ಲ. ನಿನಗೆ ಏನು ಬೇಕು ಹೇಳು ಅಂತ ತಾಯಿ ಕೈ ಮುಗಿದಳು. ನನ್ನ ತೂಕ ಎಷ್ಟು ಅಂತ ಸರಿಯಾಗಿ ಹೇಳಿದರೆ ಎದ್ದು ಹೋಗುತ್ತೇನೆ, ಕಮ್ಮಿ ಹೇಳಿದರೆ ಎಷ್ಟು ಕಮ್ಮಿ ಬಿತ್ತೋ ಅಷ್ಟನ್ನು ನಿನ್ನ ಮಗನ ಮೈಯಿಂದ ತಗೊಳ್ಳುತ್ತೇನೆ ಅಂದಿತು ಜ್ವರ. ತೂಗುತ್ತೇನೆ ಅಂತ ತಾಯಿ ಮಾತು ಕೊಟ್ಟಳು. ತೊಲೆಗೆ ತಕ್ಕಡಿ ಕಟ್ಟಿ, ಒಂದು ತಟ್ಟೆಯಲ್ಲಿ ಜ್ವರವನ್ನು ಕೂರಿಸಿ, ಇನ್ನೊಂದರಲ್ಲಿ ಮಗನ ನಡುಕವನ್ನು ಇಟ್ಟಳು. ಜ್ವರ ಕೂತ ತಟ್ಟೆ ನೆಲ ಬಿಡಲಿಲ್ಲ. ನರಳಾಟ ಇಟ್ಟಳು, ಹಲ್ಲಿನ ಕಟಕಟ ಇಟ್ಟಳು, ಅವನು ಕೂಗಿದ ಕೂಗನ್ನೆಲ್ಲ ಮಡಿಲಲ್ಲಿ ತುಂಬಿ ತಂದು ಸುರಿದಳು. ಆಗಲೂ ಬಿಡಲಿಲ್ಲ.

ಇಲ್ಲಿಗೆ ಬಂದರೆ ನಮ್ಮಜ್ಜಿ ಲಿಂಗಕ್ಕ ಕಥೆ ನಿಲ್ಲಿಸುತ್ತಿದ್ದಳು. ಆಮೇಲೆ ಏನಿಟ್ಟಳು ಅಂತ ಕೇಳಿದರೆ, ಮಲಗು, ನಾಳೆ ಹೇಳುತ್ತೇನೆ ಅನ್ನುತ್ತಿದ್ದಳು. ಆ ನಾಳೆ ಒಮ್ಮೆಯೂ ಬರಲಿಲ್ಲ. ಅವ್ವ ಇಲ್ಲದ ನಾನು ಅಜ್ಜಿಯ ಕಂಬಳಿಯ ಒಳಗೇ ಬೆಳೆದವಳು. ದೊಡ್ಡವಳಾಗಿ ಆದೋನಿಯಲ್ಲಿ ಡಿಗ್ರಿ ಓದುವಾಗಲೂ, ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಸಾಕು, ಆ ತಕ್ಕಡಿ ಕಣ್ಣ ಮುಂದೆ ತೂಗುತ್ತಿತ್ತು. ಇಳಿಯುವ ಸ್ಟಾಪು ದಾಟಿ ಹೋದದ್ದೂ ಉಂಟು. ಹಾಗಾಗಿ ಅಣ್ಣ ನನ್ನನ್ನು ನಾಗಜ್ಯೋತಿ ಅಂತ ಕರೆಯುವುದನ್ನು ಬಿಟ್ಟು ಕನಸಮ್ಮ ಅಂತಲೇ ಕರೆಯುತ್ತಿದ್ದ.

ನಮ್ಮೂರು ತೆಲುಗು ಸೀಮೆಯಲ್ಲಿ, ಹಾಲಹರವಿಯಿಂದ ಒಳಗೆ, ಹೊಲದ ಬದು ದಾಟಿದರೆ ಬಳ್ಳಾರಿ ಸೀಮೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕುರಿಗಳ ಹತ್ತಿರ ಎರಡೂ. ಡಿಗ್ರಿ ಮುಗಿಸಿದ ಮೇಲೆ ನನಗೆ ಜ್ವರದ ಸರ್ವೆಯಲ್ಲಿ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ ಜ್ವರ ಇದ್ದವರನ್ನು ಕೇಳಿ, ಮಲೇರಿಯಾ ಇರಬಹುದೇ, ಇದ್ದರೆ ಎಷ್ಟು ಜೋರು ಅಂತ ಅಂದಾಜು ಮಾಡಿ, ಯಾರನ್ನು ಮೊದಲು ಕಳಿಸಬೇಕು ಅಂತ ಹೇಳುವುದು. ಬೆರಳು ಚುಚ್ಚಿ ನೋಡುವ ಕಿಟ್‌ಗಳು ಇದ್ದಾಗ ಸಲೀಸು. ಮುಗಿದು ಹೊಸವು ಬರುವ ತನಕ ಲಕ್ಷಣಗಳನ್ನು ಬರೆದ ಒಂದು ಕಾರ್ಡೇ ಗತಿ.

ಆ ಕಾರ್ಡನ್ನು ಕಲಿಸಿದವರು ಆದೋನಿಯ ಡಾಕ್ಟರಮ್ಮ. ಪಾಠದ ದಿನ ಅವರು ಹಣ್ಣಿನ ಬಂಡಿಯವನಿಂದ ತೂಕದ ಕಲ್ಲುಗಳನ್ನು ಇಸಕೊಂಡು ಬಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ತಲೆನೋವಿಗೆ ಎಲ್ಲಕ್ಕಿಂತ ಸಣ್ಣ ಕಲ್ಲು. ಮೈಕೈ ನೋವಿಗೂ ಅದೇ. ಚಳಿ ಬಂದು ನಡುಗಿ, ಬೆವರಿ, ಬಿಟ್ಟು ಮತ್ತೆ ಬಂದರೆ ಅದಕ್ಕಿಂತ ದೊಡ್ಡದು. ತಿಂಗಳೊಳಗೆ ಮಲೇರಿಯಾ ಇರುವ ಅಡವಿ ಸೀಮೆಯಿಂದ ಬಂದವರಾಗಿದ್ದರೆ ಅದಕ್ಕೆ ಕಿಲೋ ಕಲ್ಲು. ಇದು ಕಾರ್ಡಿನ ಮೊದಲ ಮಗ್ಗಲು, ಯಾವ ಜ್ವರ ಅಂತ ತಿಳಿಯಲು. ಎಷ್ಟು ಜೋರು ಅಂತ ತಿಳಿಯುವುದು ಹಿಂದಿನ ಮಗ್ಗಲು. ಅಲ್ಲಿ ಸಣ್ಣ ಕಲ್ಲೇ ಇಲ್ಲ, ಎಲ್ಲವೂ ಕಿಲೋ ಕಲ್ಲೇ. ಮೂತ್ರ ಕಪ್ಪಾಗುವುದು, ಕಣ್ಣು ಹಳದಿಯಾಗುವುದು, ಕರೆದರೆ ಓಗೊಡದಿರುವುದು, ಹಿಡಿಯದೆ ಕೂರಲು ಆಗದಿರುವುದು. ಇವುಗಳಲ್ಲಿ ಒಂದು ಬಿದ್ದರೂ ಉಳಿದದ್ದನ್ನು ಕೂಡಿಸುತ್ತ ಕೂರಬೇಡಿ, ಗಾಡಿ ಹುಡುಕಿ ಅಂದರು. ನಾವೆಲ್ಲ ಬೆರಳು ಮಡಚಿ ಲಕ್ಷಣಗಳನ್ನು ಲೆಕ್ಕ ಮಾಡುತ್ತಿದ್ದುದನ್ನು ಕಂಡು ಒಂದು ಮಾತು ಹೇಳಿದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

“ಎಣಿಸಬೇಡಿ ಅಮ್ಮಾ. ತೂಗಿರಿ.”

ನಾನು ಆಗ ಪಾಠ ಬಿಟ್ಟು ಅಜ್ಜಿಯ ಕಥೆಯೊಳಗೆ ಹೋಗಿದ್ದೆ.

ಅಣ್ಣ ಆಂಜಿ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮೇವು ಇದ್ದ ಕಡೆಗೆ ಹೋದವನು ಮೊದಲ ಮಳೆ ಬಿದ್ದ ಮೇಲೆ ವಾಪಸು ಬಂದ. ಹೋದಷ್ಟು ಕುರಿ ಬಂದಿರಲಿಲ್ಲ. ಅಪ್ಪ ಹಟ್ಟಿಯಲ್ಲಿ ಕುರಿಗಳ ನಡುವೆ ಒಂದು ಸುತ್ತು ಹಾಕಿದ, ಏನೂ ಕೇಳಲಿಲ್ಲ, ಮರುದಿನ ತಾನೇ ಕುರಿ ಹೊಡೆದುಕೊಂಡು ಬೀಳು ಹೊಲಗಳ ಕಡೆ ಹೋದ. ನಮ್ಮ ಮನೆತನದಲ್ಲಿ ಅದು ಕಟ್ಟಳೆ. ಕುರಿಗಳನ್ನು ನುಂಗಿದ ಜಾಗದ ಹೆಸರನ್ನು ಬಾಯಲ್ಲಿ ತರಬಾರದು. ಮನೆಯಲ್ಲಿ ಹರಕೆ ಬಾಕಿ ಇದ್ದರಂತೂ, ಅದು ತೀರುವ ತನಕ ಕನಸಿನಲ್ಲೂ ಅನ್ನಬಾರದು. ಅಂದರೆ ಆ ಜಾಗ ತನ್ನ ಹೆಸರು ಕೇಳಿಸಿಕೊಂಡು, ಉಳಿದದ್ದನ್ನು ಕೇಳಲು ಮನೆಯ ತನಕ ಬರುತ್ತದಂತೆ.

ಹರಕೆ ಬಾಕಿ ಇತ್ತು, ಅದೂ ಅಣ್ಣನದೇ. ಅವನು ಚಿಕ್ಕವನಿದ್ದಾಗ ಕಾಯಿಲೆ ಬಿದ್ದು, ಬದುಕಿದರೆ ಬೆಲ್ಲದಲ್ಲಿ ತೂಗಿಸುತ್ತೇನೆ ಅಂತ ಅಜ್ಜಿ ಗುಡ್ಡದ ಬೀರಪ್ಪನಿಗೆ ಬೇಡಿಕೊಂಡಿದ್ದಳು. ಬದುಕಿದ. ಆದರೆ ಆಗ ಅವನು ಕೋಳಿಮರಿಯಷ್ಟಿದ್ದ. ಇಷ್ಟು ಬೆಲ್ಲ ಕೊಟ್ಟರೆ ದೇವರು ನಗುತ್ತಾನೆ, ಸ್ವಲ್ಪ ಮೈ ಹಿಡಿಯಲಿ ಅಂತ ಅಜ್ಜಿ ಮುಂದಕ್ಕೆ ಹಾಕಿದಳು. ಮೈ ಹಿಡಿದ ಮೇಲೆ ಮದುವೆಯಾಗಲಿ, ಗಂಡ ಹೆಂಡತಿ ಬಂದು ನಿಲ್ಲಲಿ ಅಂದಳು. ಮದುವೆಯೂ ಆಯಿತು, ಭಾಗ್ಯ ಅತ್ತಿಗೆ ಬಂದಳು. ಹರಕೆ ಮಾತ್ರ ಹಾಗೇ ಉಳಿಯಿತು.

ಬಂದ ಸ್ವಲ್ಪ ದಿನಕ್ಕೆ ಅಣ್ಣನಿಗೆ ಜ್ವರ ಬಂತು. ಮೊದಲು ಚಳಿ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು, ಮಂಚದ ಹಗ್ಗ ಜಿರ್ ಅನ್ನುತ್ತಿತ್ತು. ಆಮೇಲೆ ಮೈ ಕಾದು ಬೆವರಿ ಬಿಟ್ಟಿತು. ಒಂದು ದಿನ ಎದ್ದು ಮುದ್ದೆ ಉಂಡ. ಮತ್ತೆ ಬಂತು. ಕಿಟ್‌ಗಳು ಮುಗಿದಿದ್ದವು, ನಾನು ಕಾರ್ಡು ತೆಗೆದುಕೊಂಡು ಕೂತೆ. ಮನೆಯ ಮಗಳೇ ಸರ್ವೆಯವಳಾಗಿ ಮಂಚದ ಪಕ್ಕ ಕೂತದ್ದು ಅವನಿಗೆ ದೊಡ್ಡ ತಮಾಷೆ. ಹೆಸರು ಏನು ಅಂತ ಕೇಳುವುದಿಲ್ಲವಾ, ಗಂಡಸೋ ಹೆಂಗಸೋ ಅಂತ ಬರೆದುಕೊಳ್ಳುವುದಿಲ್ಲವಾ ಅಂತ ನಡುಗುತ್ತಲೇ ಕೆಣಕಿದ. ನಾನು ಒಂದೊಂದೇ ಕೇಳಿದೆ. ತಲೆನೋವು, ಮೈನೋವು, ಚಳಿ. ಕೊನೆಗೆ ಎಲ್ಲಿಗೆ ಹೋಗಿದ್ದಿ ಅಂತ ಕೇಳಿದೆ. ಅವನು ಒಂದು ಸಲ ಅಜ್ಜಿಯ ಕಡೆ ನೋಡಿದ. ಪತ್ತಿಕೊಂಡದ ಕಡಿಗೆ, ಅಂದ.

ಪತ್ತಿಕೊಂಡದ ಸುತ್ತ ಇರುವುದು ನಮ್ಮಂಥದೇ ಬಯಲು. ಅಲ್ಲಿಗೆ ಕಿಲೋ ಕಲ್ಲು ಬೀಳುವುದಿಲ್ಲ. ಕಾರ್ಡಿನ ಮೊದಲ ಮಗ್ಗಲು ಅರ್ಧಕ್ಕೇ ನಿಂತಿತು. ಏನಿದ್ದರೂ ಒಂದು ಹನಿ ರಕ್ತ ಕೊಟ್ಟು ಬಾ ಅಂತ ನಾನು ಹಟ ಹಿಡಿದೆ. ಮಂಗಳವಾರ ಹರಕೆ ತೀರಿಸಿ ಆಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ, ದೇವರು ತನ್ನ ಬೆಲ್ಲವನ್ನು ನೆನಪು ಮಾಡುತ್ತಿದ್ದಾನೆ ಅಂತ ಅಜ್ಜಿ ಹೇಳಿದಳು. ಅಣ್ಣ ನನ್ನ ಕೈಯ ಕಾರ್ಡು ನೋಡಿ ನಕ್ಕ.

“ನಿನ್ನ ತಕ್ಕಡಿನೂ ನಾ ಹಗುರ ಅಂತೈತಲ್ಲ ಕನಸಮ್ಮ. ಬೀರಪ್ಪನ ತಕ್ಕಡ್ಯಾಗ ಕುಂದ್ರತೀನಿ ತಡಿ, ಅಲ್ಲಿ ನೋಡು ನನ್ನ ಭಾರ.”

ಸೋಮವಾರ ಮಧ್ಯಾಹ್ನ ಮನೆ ಒಮ್ಮೆಲೇ ಮೌನವಾಯಿತು. ಮಂಚದ ಹಗ್ಗದ ಸದ್ದು ನಿಂತಿತು. ಹಲ್ಲಿನ ಸದ್ದು ನಿಂತಿತು. ಅತ್ತಿಗೆ ಹೊರಗೆ ಬಂದು, ಈಗ ಸುಮ್ಮನೆ ಮಲಗಿದಾನ, ಬಿಟ್ಟಿತು ಕಾಣತೈತಿ ಅಂತ ಸೆರಗಿನಿಂದ ಮುಖ ಒರೆಸಿಕೊಂಡಳು. ಹರಕೆ ತೀರಿಸುತ್ತೇವೆ ಅಂದದ್ದಕ್ಕೇ ದೇವರು ಒಪ್ಪಿಕೊಂಡ ಅಂತ ಅಜ್ಜಿ ದೀಪಕ್ಕೆ ಎಣ್ಣೆ ಹಾಕಿದಳು. ನಾನು ಹೊಸ್ತಿಲ ಮೇಲೆ ನಿಂತು ಅಣ್ಣನನ್ನು ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ನೊಣ ತುಟಿಯ ಮೇಲೆ ಕೂತಿತ್ತು. ಅವನು ಅದನ್ನು ಓಡಿಸಲಿಲ್ಲ.

ಜ್ವರ ಬಿಟ್ಟವರು ಹಸಿವು ಅನ್ನುತ್ತಾರೆ, ನೀರು ಕೇಳುತ್ತಾರೆ, ಬಯ್ಯುತ್ತಾರೆ. ಇವನು ಏನೂ ಅನ್ನುತ್ತಿರಲಿಲ್ಲ. ಅಣ್ಣಾ ಅಂತ ಕರೆದೆ. ಬಹಳ ದೂರದಿಂದ ಬಂದವನ ಹಾಗೆ ಹ್ಞೂ ಅಂದ. ಹ್ಞೂ ಅಂದನಲ್ಲ ಅಂತ ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಜ್ವರ ಎದ್ದು ಹೋಗಿಲ್ಲ, ಸದ್ದು ಮಾಡದೆ ಕೂತಿದೆ ಅನ್ನಿಸಿತು. ಆ ತಾಯಿ ತಕ್ಕಡಿಗೆ ಹಾಕಿದ್ದೆಲ್ಲ ಸದ್ದು ಮಾಡುವ ವಸ್ತುಗಳೇ ಆಗಿದ್ದವು ಅಂತ ಆಗ ಹೊಳೆಯಿತು. ಆದರೆ ಹೊಳೆದದ್ದನ್ನು ಯಾರಿಗೆ ಹೇಳುವುದು, ಕಥೆ ಕೇಳಿ ಹೆದರಿದಳು ಅನ್ನುತ್ತಾರೆ. ಡಾಕ್ಟರಮ್ಮನಿಗೆ ಫೋನು ಮಾಡಿದೆ, ನಮ್ಮ ಓಣಿಯಲ್ಲಿ ಸಿಗ್ನಲ್ ಸಿಗಲಿಲ್ಲ. ಬೆಳಗಾಗುವ ತನಕ ಮಂಚದ ಕಾಲಿಗೆ ಒರಗಿ ಅವನ ಉಸಿರು ಕೇಳುತ್ತ ಕೂತೆ.

ಬೆಳಿಗ್ಗೆ ಜಗಳವಾಡಿದೆ. ಮೊದಲು ಆಸ್ಪತ್ರೆ ಅಂದೆ. ಅಜ್ಜಿ ಮೊದಲು ಗುಡ್ಡ ಅಂದಳು. ಗುಡ್ಡ ದಾರಿಯಲ್ಲೇ ಸಿಗುತ್ತದೆ, ತೂಗಿ ಇಳಿಸುವುದು ಎಷ್ಟೊತ್ತು, ಅಲ್ಲಿಂದ ನೇರ ಆಸ್ಪತ್ರೆಗೆ ನಾನೇ ಬರುತ್ತೇನೆ ಅಂತ ನನ್ನ ತಲೆ ಮುಟ್ಟಿ ಮಾತು ಕೊಟ್ಟಳು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ನನಗೂ ಆ ದೇವರ ಭಯವಿತ್ತು. ಹರಕೆ ಬಿಟ್ಟು ಹೋಗಿ ದಾರಿಯಲ್ಲಿ ಏನಾದರೂ ಆದರೆ?

ಊರಿನ ಬಜಾರಪ್ಪನ ಆಟೋ ಬಂತು. ಬಜಾರಪ್ಪ ಯಾವತ್ತೂ ಬಾಯಿ ಮುಚ್ಚದ ಮನುಷ್ಯ. ಬೆಲ್ಲದ ಪೆಂಟಿಗಳನ್ನು ಏರಿಸುತ್ತ, ಆಂಜಿಗಿಂತ ಬೆಲ್ಲವೇ ಭಾರ, ನನ್ನ ಆಟೋದ ಟೈರು ಹರಕೆಗೆ ಹೋಗುತ್ತದೆ ಅಂತ ತೆಲುಗಿನಲ್ಲಿ ಗೊಣಗಿದ. ಅಣ್ಣನನ್ನು ನಾನೂ ಅತ್ತಿಗೆಯೂ ಎರಡು ತೋಳು ಹಿಡಿದು ತಂದೆವು. ಕಾಲು ಎಳೆಯುತ್ತಿತ್ತು. ಉಂಡಿಲ್ಲ, ನಿಶ್ಶಕ್ತಿ ಅಂದರು. ಆಟೋದಲ್ಲಿ ಅವನ ತಲೆ ಅತ್ತಿಗೆಯ ಹೆಗಲ ಮೇಲೆ, ಪ್ರತಿ ಕುಣಿಗೂ ಅಲ್ಲಿಂದ ಜಾರುತ್ತಿತ್ತು.

ಬೀರಪ್ಪನ ಗುಡಿ ಸಣ್ಣ ಗುಡ್ಡದ ನೆತ್ತಿಯಲ್ಲಿದೆ. ಗುಡಿಯ ಮುಂದಿನ ಬೇವಿನ ಮರಕ್ಕೆ ಒಂದು ದೊಡ್ಡ ತಕ್ಕಡಿ ತೂಗು ಹಾಕಿದ್ದಾರೆ. ಹಿಂದೆ ಆದೋನಿಯಲ್ಲಿ ಹತ್ತಿ ತೂಗುತ್ತಿದ್ದ ತಕ್ಕಡಿ ಅದು, ಯಾರೋ ವ್ಯಾಪಾರಿ ಹರಕೆಗೆ ಕೊಟ್ಟದ್ದು. ಪೂಜಾರಿ ಭೀಮಲಿಂಗಪ್ಪ ನಮ್ಮನ್ನು ಕಂಡು ಕೆಳಗಿಳಿದು ಬಂದು ಹೆಗಲು ಕೊಟ್ಟ. ಲಿಂಗಕ್ಕ, ಕೊನೆಗೂ ಬಂದಿಯಲ್ಲ, ನಿನ್ನ ಮೊಮ್ಮಗ ಮುದುಕನಾದ ಮೇಲೆ ಬರುತ್ತಿ ಅಂದುಕೊಂಡಿದ್ದೆ ಅಂತ ಚುಚ್ಚಿದ. ಅಜ್ಜಿ ಏರುವಾಗಲೆಲ್ಲ ಅಣ್ಣನ ಕಾಲುಗಳನ್ನೇ ನೋಡುತ್ತಿದ್ದಳು.

ತಟ್ಟೆಯ ಮೇಲೆ ಹೊಸ ಕಂಬಳಿ ಹಾಸಿದರು. ಅಲ್ಲಿ ಒಂದು ನಿಯಮ: ತೂಗಿಸಿಕೊಳ್ಳುವವರು ಹಗ್ಗ ಹಿಡಿದು ತಾವೇ ಕೂರಬೇಕು, ತೂಗುವಾಗ ಇನ್ನೊಬ್ಬರ ಕೈ ತಾಗಬಾರದು, ತಾಗಿದರೆ ಅವರ ತೂಕವೂ ಸೇರುತ್ತದೆ. ಅಣ್ಣನನ್ನು ಕೂರಿಸಿದರು. ಪೂಜಾರಿ ಅವನ ಎರಡೂ ಕೈಗೆ ಹಗ್ಗ ಕೊಟ್ಟು ಬೆರಳು ಮಡಚಿದ. ಅತ್ತಿಗೆ ಕೈ ಬಿಟ್ಟಳು. ಬಜಾರಪ್ಪ ಕೈ ಬಿಟ್ಟ.

ಬೆರಳುಗಳು ಬಿಚ್ಚಿಕೊಂಡವು. ಅವನು ಮಗ್ಗುಲಿಗೆ ಬಾಗಿದ, ನೀರು ತುಂಬಿದ ಚೀಲ ವಾಲುವ ಹಾಗೆ, ನೆಲಕ್ಕೆ ಬಿದ್ದ. ಕೈ ಊರಿಕೊಳ್ಳಲೂ ಇಲ್ಲ. ಪೂಜಾರಿ ಇನ್ನೊಮ್ಮೆ ಎತ್ತಿ ಕೂರಿಸಿದ. ಇನ್ನೊಮ್ಮೆ ಬಿದ್ದ. ಆಂಜಿ, ಹಗ್ಗ ಹಿಡಿಯಪ್ಪಾ, ಒಂದೇ ಗಳಿಗೆ ಅಂತ ಭೀಮಲಿಂಗಪ್ಪ ಕೆನ್ನೆ ತಟ್ಟಿದ. ಅಣ್ಣನ ಕಣ್ಣು ಅರೆ ತೆರೆದಿತ್ತು, ಆದರೆ ನಮ್ಮ ಯಾರ ಮೇಲೂ ಇರಲಿಲ್ಲ. ಖಾಲಿ ತಟ್ಟೆ ಅವನ ತಲೆಯ ಮೇಲೆ ಆ ಕಡೆ ಈ ಕಡೆ ತೂಗುತ್ತಿತ್ತು.

ಹಿಡಿಯದೆ ಕೂರಲು ಆಗುತ್ತಿಲ್ಲ. ಕಾರ್ಡಿನ ಹಿಂದಿನ ಮಗ್ಗಲಿನ ಕಿಲೋ ಕಲ್ಲು ನನ್ನ ಎದೆಯ ಮೇಲೇ ಬಿದ್ದ ಹಾಗಾಯಿತು. ಫೋನು ತೆಗೆದೆ. ಗುಡ್ಡದ ಮೇಲೆ ಸಿಗ್ನಲ್ ಇತ್ತು. ಡಾಕ್ಟರಮ್ಮ ಎತ್ತಿದರು. ಹೇಳಿದ್ದನ್ನು ಕೇಳಿ, ಮೂತ್ರ ಹೇಗಿದೆ ಅಂದರು. ನಾನು ಅತ್ತಿಗೆಯ ಕಡೆ ತಿರುಗಿದೆ. ಅವಳು ಪೂಜಾರಿಯ ಮುಂದೆ ಹೇಳಲಾರದೆ ನನ್ನ ಕಿವಿಯ ಹತ್ತಿರ ಬಂದಳು. ನಿನ್ನೆಯಿಂದ ಹಾಲು ಹಾಕದ ಚಾದ ಹಾಗೆ ಕಪ್ಪಗೆ ಬರುತ್ತಿದೆಯಂತೆ, ಗಂಡನ ತಂಗಿಗೆ ಇದನ್ನು ಹೇಗೆ ಹೇಳುವುದು ಅಂತ ಸುಮ್ಮನಿದ್ದಳಂತೆ. ಹೇಳಿ ಸೆರಗು ಬಾಯಿಗೆ ತುರುಕಿಕೊಂಡಳು. ಡಾಕ್ಟರಮ್ಮ ಮುಂದಿನದು ಕೇಳಿದರು, ಎಲ್ಲಿಂದ ಬಂದವನು ಅಂತ. ಪತ್ತಿಕೊಂಡ ಅಂದೆ. ಸರಿಯಾಗಿ ಕೇಳಮ್ಮ, ಅಡವಿಗೆ ಹೋಗಿದ್ದನಾ, ಹೌದಾದರೆ ಇಲ್ಲಿ ಎಲ್ಲ ಸಿದ್ಧ ಮಾಡಿಸಿ ಕಾಯುತ್ತೇನೆ ಅಂದರು.

ನಾನು ಎಲ್ಲರ ಮುಖ ನೋಡಿದೆ. ಅತ್ತಿಗೆಗೆ ಗೊತ್ತಿರಲಿಲ್ಲ. ಅಜ್ಜಿ ಬೇವಿನ ಬುಡಕ್ಕೆ ಒರಗಿ ನಿಂತಿದ್ದಳು, ತುಟಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು, ಒಳಗಿನದು ಹೊರಗೆ ಬೀಳದ ಹಾಗೆ. ಅವಳಿಗೆ ಗೊತ್ತು ಅಂತ ನನಗೆ ಆಗಲೇ ತಿಳಿಯಿತು. ಕುರಿಗಳು ಬಂದ ದಿನ ಅವುಗಳ ಉಣ್ಣೆಯಿಂದ ಮುಳ್ಳುಬೀಜಗಳನ್ನು ಕೀಳುತ್ತ ಅವಳು ಬಹಳ ಹೊತ್ತು ಕೂತಿದ್ದಳು. ನಮ್ಮ ಕಪ್ಪು ನೆಲದಲ್ಲಿ ಬೆಳೆಯದ ಬೀಜಗಳು. ಒಂದನ್ನೂ ಬಿಡದೆ ಒಲೆಗೆ ಹಾಕಿದ್ದಳು.

ಅಜ್ಜಿ, ಎಲ್ಲಿಗೆ ಹೋಗಿದ್ದ ಅಂತ ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಹೆಸರು ಅಂದರೆ ಅದು ಇಲ್ಲಿಗೇ ಬರುತ್ತದೆ, ಬಿಡಮ್ಮ ಅಂದಳು. ಅವಳ ಹೆದರಿಕೆ ನನಗೆ ಹೊಸದಲ್ಲ. ಅದೇ ಕಂಬಳಿಯೊಳಗೆ, ಅದೇ ಹೆದರಿಕೆ ಹೊದ್ದು ಬೆಳೆದವಳು ನಾನು. ಅದಕ್ಕೇ ಅವಳಿಗೆ ಅರ್ಥವಾಗುವ ಮಾತು ನನ್ನ ಬಾಯಿಗೆ ಬಂತು.

“ಬರೂದೇನೈತಿ ಅಜ್ಜಿ. ಅದು ಆಗಲೇ ಬಂದೈತಿ. ಇವನ ಮೈಯಾಗ ಕುಂತೈತಿ, ತೂಗು ಅಂತೈತಿ.”

ಅಜ್ಜಿ ಅಣ್ಣನನ್ನು ನೋಡಿದಳು. ಅಂಗೈ ತೆಗೆದಳು.

“ನಲ್ಲಮಲ,” ಅಂದಳು. “ನಲ್ಲಮಲ ಅಡವ್ಯಾಗ ಇದ್ದ, ತಾಯಿ.”

ಹೇಳಿದ ಮೇಲೆ ಅವಳು ಪೂರ್ವದ ಕಡೆ ತಿರುಗಿ ನಿಂತಳು, ಯಾರೋ ಬರುವುದನ್ನು ಎದುರು ನೋಡುವವಳ ಹಾಗೆ. ಬಿಸಿಲಿನಲ್ಲಿ ಹೊಲಗಳು ಹಾಗೇ ಬಿದ್ದಿದ್ದವು. ನಾನು ಫೋನಿನಲ್ಲಿ ಆ ಹೆಸರು ಹೇಳಿದೆ. ಡಾಕ್ಟರಮ್ಮನ ದನಿ ಬದಲಾಯಿತು. ಹತ್ತಿರದ ಸಣ್ಣ ಆಸ್ಪತ್ರೆಗೆ ಬೇಡ, ನೇರ ಆದೋನಿಗೆ ಬನ್ನಿ, ಮಗ್ಗುಲಾಗಿ ಮಲಗಿಸಿ, ಬೆನ್ನ ಮೇಲೆ ಬೇಡ. ಈ ಜ್ವರದಲ್ಲಿ ಮೈಯೊಳಗಿನ ಸಕ್ಕರೆ ಇಳಿದುಬಿಡುತ್ತದೆ, ಕುಡಿಸಲು ಹೋಗಬೇಡಿ, ಸಿಹಿಯನ್ನು ಬೆರಳಲ್ಲಿ ತಗೊಂಡು ನಾಲಿಗೆಯ ಕೆಳಗೆ ಸ್ವಲ್ಪ ಸ್ವಲ್ಪ ಸವರುತ್ತ ಬನ್ನಿ ಅಂದರು. ಸಿಹಿ ಅಂದರೆ ಏನಿದೆ ಅಂತ ನಾನು ಸುತ್ತ ನೋಡಿದೆ.

ಬೆಲ್ಲವಿತ್ತು. ಒಬ್ಬ ಗಂಡಸಿನ ತೂಕದಷ್ಟು ಬೆಲ್ಲ, ಅರಿಶಿನ ಹಚ್ಚಿ, ಹೂವು ಏರಿಸಿ, ದೇವರ ಎದುರಿಗೆ ಇಟ್ಟಿತ್ತು. ಹರಕೆಯ ಬೆಲ್ಲವನ್ನು ತೂಗುವ ಮೊದಲು ಇರುವೆ ಮುಟ್ಟಿದರೂ ಮೈಲಿಗೆ. ನಾನು ಕೈ ಚಾಚಲಾರದೆ ನಿಂತೆ. ಅಜ್ಜಿ ಒಂದು ಪೆಂಟಿಯನ್ನು ಎರಡೂ ಕೈಯಲ್ಲಿ ಎತ್ತಿ ಗುಡಿಯ ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದಳು. ಭೀಮಲಿಂಗಪ್ಪ ಹೌಹಾರಿ, ಲಿಂಗಕ್ಕ, ಅದು ದೇವರದು ಅಂದ.

“ದೇವ್ರಿಗಿ ಇಷ್ಟು ವರ್ಷ ಕಾದು ರೂಢಿ ಐತಿ,” ಅಂದಳು ಅಜ್ಜಿ. “ಇವಂಗ ಇಲ್ಲ.”

ಹಾಸಿದ್ದ ಹೊಸ ಕಂಬಳಿಯಲ್ಲೇ ಅಣ್ಣನನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ಇಳಿಸಿದೆವು. ಪೂಜಾರಿಯೂ ಒಂದು ಮೂಲೆ ಹಿಡಿದ, ಬಯ್ಯುತ್ತಲೇ ಹಿಡಿದ. ಆಟೋದ ಹಿಂದಿನ ಸೀಟಿನಲ್ಲಿ ಅಣ್ಣನ ತಲೆ ನನ್ನ ತೊಡೆಯ ಮೇಲೆ, ಕಾಲು ಅತ್ತಿಗೆಯ ತೊಡೆಯ ಮೇಲೆ. ಅಜ್ಜಿ ಕೆಳಗೆ ಕೂತು ಬೆಲ್ಲ ಅರೆದು ಬೆರಳಿನಿಂದ ಅವನ ನಾಲಿಗೆಯ ಕೆಳಗೆ ಸವರುತ್ತಿದ್ದಳು. ಬಜಾರಪ್ಪ ಒಂದು ಮಾತೂ ಆಡದೆ ಓಡಿಸುತ್ತಿದ್ದ. ಅವನು ಸುಮ್ಮನಿದ್ದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಆಲೂರು ದಾಟಿದ ಮೇಲೆ ಅಣ್ಣನ ಒಂದು ಕೈ ಸೆಟೆದುಕೊಂಡಿತು. ಆಮೇಲೆ ದವಡೆ. ಅಜ್ಜಿ ಬೆರಳು ಹೊರಗೆಳೆದುಕೊಂಡಳು, ಬೆರಳಿನಲ್ಲಿ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು. ಮೈಯೆಲ್ಲ ಒಮ್ಮೆ ಜಗ್ಗಿ, ಬಿಟ್ಟಿತು. ಅತ್ತಿಗೆ ಅವನ ಪಾದಗಳನ್ನು ಎದೆಗೆ ಅವುಚಿಕೊಂಡು ಅವನ ಹೆಸರನ್ನೇ ಹೇಳುತ್ತಿದ್ದಳು, ಗಂಡನ ಹೆಸರನ್ನು ಅವಳ ಬಾಯಲ್ಲಿ ನಾನು ಮೊದಲು ಕೇಳಿದ್ದು ಅವತ್ತೇ. ಉಸಿರು ಇದೆಯಾ ಅಂತ ನಾನು ಅವನ ಮೂಗಿನ ಹತ್ತಿರ ಕೈ ಹಿಡಿದೆ. ಓಡುವ ಆಟೋದ ಗಾಳಿಯಲ್ಲಿ ಯಾವುದು ಉಸಿರು, ಯಾವುದು ಗಾಳಿ ತಿಳಿಯಲಿಲ್ಲ. ಕಿವಿಯನ್ನು ಅವನ ಎದೆಗೆ ಆನಿಸಿದೆ. ಅಲ್ಲಿ ಇತ್ತು, ಬಹಳ ಬೇಗ ಬೇಗ ಬಡಿಯುತ್ತಿತ್ತು. ಆ ಸದ್ದಿನ ಮೇಲೆ ಯಾರೋ ಕೂತಿದ್ದಾರೆ, ಇನ್ನೂ ಎದ್ದಿಲ್ಲ ಅನ್ನಿಸಿತು.

ಆದೋನಿಯ ಹೊರಗೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಬಂಡಿ ಮುಗಿಯುವ ಹಾಗೇ ಇರಲಿಲ್ಲ. ಡಬ್ಬಿಯ ಹಿಂದೆ ಡಬ್ಬಿ. ಬಜಾರಪ್ಪ ಇಳಿದು ಹೋಗಿ ಗೇಟಿನ ಕಂಬಿಯ ಮೇಲೆ ಹಣೆ ಇಟ್ಟು ನಿಂತ. ವಾಪಸು ಬಂದು ನನ್ನ ಕಡೆ ನೋಡದೆ ಹೇಳಿದ.

“ಏಮೀ ಕಾದು ತಲ್ಲಿ. ಏಮೀ ಕಾದು.”

ಏನೂ ಆಗುವುದಿಲ್ಲ ಅನ್ನುತ್ತಿದ್ದವನ ದನಿ ಒಡೆದಿತ್ತು.

ಡಾಕ್ಟರಮ್ಮ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು. ಬೆರಳು ಚುಚ್ಚಿ ಒಂದು ಹನಿ ತೆಗೆದರು, ಆ ಹನಿ ಪಟ್ಟಿಯ ಮೇಲೆ ಇಳಿಯುವ ಮೊದಲೇ ಸೂಜಿ ಅಣ್ಣನ ಕೈಯೊಳಗಿತ್ತು, ಸಕ್ಕರೆಯ ನೀರು ಹನಿಯುತ್ತಿತ್ತು. ಪಟ್ಟಿಯಲ್ಲಿ ಗೆರೆ ಮೂಡಿತು. ಮೆದುಳಿಗೆ ಏರುವ ಜಾತಿಯ ಮಲೇರಿಯಾ ಅಂದರು. ಮದ್ದಿನ ಇಂಜೆಕ್ಷನ್ ಹಾಕಿದರು. ಆಮೇಲೆ ನಮ್ಮನ್ನು ಹೊರಗೆ ಕಳಿಸಿದರು.

ಹೊರಗೆ ಗೋಡೆಗೆ ಒರಗಿ ಕೂತೆವು. ಅಜ್ಜಿಯ ಬೆರಳುಗಳಿಗೆ ಬೆಲ್ಲ ಅಂಟಿಕೊಂಡಿತ್ತು, ಇರುವೆಗಳು ಬರುತ್ತಿದ್ದವು. ಅವಳು ಝಾಡಿಸಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅತ್ತಿಗೆ ಎದ್ದು ನಿಲ್ಲುತ್ತಿದ್ದಳು, ಬೇರೆ ಯಾರಿಗೋ ಕರೆದರೆ ಕೂರುತ್ತಿದ್ದಳು. ಒಳಗೆ ಏನು ನಡೆಯುತ್ತಿದೆ ಅಂತ ಯೋಚಿಸದೆ ಇರಲೆಂದು ನಾನು ಅಜ್ಜಿಯನ್ನು ಕೇಳಿದೆ, ಆ ತಾಯಿ ಕೊನೆಗೆ ತಕ್ಕಡಿಗೆ ಏನು ಇಟ್ಟಳು ಅಂತ. ಅಜ್ಜಿ ಬೆಲ್ಲ ಅಂಟಿದ ಬೆರಳುಗಳನ್ನು ನೋಡಿಕೊಂಡಳು.

“ನನಗೂ ಗೊತ್ತಿಲ್ಲ ಮಗಾ. ನಮ್ಮಜ್ಜಿನೂ ಅಲ್ಲಿಗೇ ನಿಲ್ಲಿಸ್ತಿದ್ಲು. ನಾಳಿ ಹೇಳ್ತೀನಿ ಅಂತಿದ್ಲು.”

ಇಷ್ಟು ವರ್ಷ ನಾನು ಕಾದ ಕಥೆಗೆ ಕೊನೆಯೇ ಇರಲಿಲ್ಲ. ಆ ಗೋಡೆಯ ಹತ್ತಿರ ಕೂತು ನನಗೆ ಅಳು ಬಂದದ್ದು ಅಣ್ಣನಿಗಾಗಿಯೋ ಆ ತಾಯಿಗಾಗಿಯೋ ಹೇಳಲಾರೆ. ಅವಳು ಇನ್ನೂ ತಕ್ಕಡಿಯ ಮುಂದೆ ನಿಂತೇ ಇದ್ದಾಳೆ, ಏನು ಇಡಬೇಕು ಅಂತ ತಿಳಿಯದೆ.

ಮರುದಿನ ಬೆಳಿಗ್ಗೆಯೂ ಅಣ್ಣ ಕಣ್ಣು ಬಿಡಲಿಲ್ಲ. ಡಾಕ್ಟರಮ್ಮ ಬಂದು ಹೋಗುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಅಪ್ಪ ಸುದ್ದಿ ತಿಳಿದು ಬೀಳು ಹೊಲದಿಂದ ಹಾಗೇ ಕೋಲು ಹಿಡಿದು ಬಂದ, ಬಾಗಿಲ ಹತ್ತಿರ ಕೋಲು ಊರಿ ನಿಂತವನು ಕೂರಲಿಲ್ಲ. ಅದರ ಮರುದಿನ ಅತ್ತಿಗೆ ಒಳಗಿದ್ದಾಗ ಅಣ್ಣ ನೀರು ಕೇಳಿದ. ನೀರು ಕೊಟ್ಟ ಮೇಲೆ, ಬಾಯೆಲ್ಲ ಯಾಕೆ ಸಿಹಿ ಸಿಹಿ ಅಂತ ಕೇಳಿದ. ಅವಳು ಹೊರಗೆ ಓಡಿ ಬಂದು ಅಜ್ಜಿಯ ಮಡಿಲಲ್ಲಿ ಮುಖ ಇಟ್ಟಳು. ಅವಳ ಭುಜ ಕುಲುಕುವುದನ್ನು ನೋಡಿ ನಾವು ಒಂದು ಗಳಿಗೆ ಕೆಟ್ಟದ್ದನ್ನೇ ಅಂದುಕೊಂಡೆವು. ಆ ಒಂದು ಗಳಿಗೆ ಇಂದಿಗೂ ಒಮ್ಮೊಮ್ಮೆ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಮನೆಗೆ ಬಂದ ಮೇಲೆ ಅವನು ಮೊದಲು ಕೇಳಿದ್ದು, ನನ್ನನ್ನು ತೂಗಿದಿರಾ ಅಂತ. ಇಲ್ಲ ಅಂದೆವು. ಹಾಗಾದರೆ ಬಾಕಿ ಇನ್ನೂ ಇದೆ ಅಂತ ಅಜ್ಜಿಗೆ ಮತ್ತೆ ಹೆದರಿಕೆ. ದೇವರ ಬೆಲ್ಲ ಒಡೆದದ್ದು ಬೇರೆ. ಜಾಗದ ಹೆಸರು ಅಂದದ್ದು ಬೇರೆ. ಸಂಜೆ ನಾಯಿ ಬೊಗಳಿದರೆ ಅವಳು ಪೂರ್ವದ ಬಾಗಿಲು ಮುಚ್ಚುತ್ತಿದ್ದಳು. ಅವನು ನಡೆಯುವಂತಾಗಲಿ, ಮೈ ಸ್ವಲ್ಪ ಬರಲಿ ಅಂತ ಅಪ್ಪ ಅಂದ. ಆ ಮಾತು ಕೇಳಿದ್ದೇ ಅಜ್ಜಿ ಎದ್ದು ಕೂತಳು. ಮೈ ಬರುವ ತನಕ ಇನ್ನು ಕಾಯುವುದಿಲ್ಲ, ಅವನು ಕೂರುವಂತಾದರೆ ಸಾಕು ಅಂದಳು.

ಹಾಗಾಗಿ ಅವನು ಗುಡ್ಡ ಹತ್ತುವಷ್ಟು ಚೇತರಿಸಿಕೊಂಡ ಮೊದಲ ಮಂಗಳವಾರವೇ ಮತ್ತೆ ಹೋದೆವು. ನಡುವೆ ಮೂರು ಸಲ ಕೂತು ದಣಿವಾರಿಸಿಕೊಂಡು ಅಣ್ಣ ತಾನೇ ಹತ್ತಿದ. ಬಜಾರಪ್ಪನ ಬಾಯಿ ಮತ್ತೆ ತೆರೆದಿತ್ತು. ಈ ಸಲ ಆಂಜಿಗಿಂತ ಅವನ ಅಂಗಿಯೇ ಭಾರ, ಅಂಗಿ ಬಿಚ್ಚಿ ತೂಗಿ, ಇಲ್ಲದಿದ್ದರೆ ದೇವರಿಗೆ ಮೋಸ ಅಂದ. ಭೀಮಲಿಂಗಪ್ಪ ಒಡೆದ ಪೆಂಟಿಯ ಉಳಿದ ಚೂರುಗಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದ. ತಗೋ ಲಿಂಗಕ್ಕ, ನಿನ್ನ ದೇವರು ಇದನ್ನು ಮುಟ್ಟಿಲ್ಲ, ಇರುವೆಗಳೂ ಮುಟ್ಟಿಲ್ಲ ಅಂತ ಕೊಟ್ಟ.

ಅಣ್ಣ ತಟ್ಟೆಯಲ್ಲಿ ಕೂತ. ಹಗ್ಗ ಹಿಡಿದ. ಅತ್ತಿಗೆ ಕೈ ಬಿಡಲಿಲ್ಲ. ಪೂಜಾರಿ ಬಿಡಮ್ಮ ಅಂದ. ಬಿಡಲಿಲ್ಲ. ಕೊನೆಗೆ ಅಜ್ಜಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ನಾನು ಅಣ್ಣನ ತಲೆಯನ್ನೇ ನೋಡುತ್ತಿದ್ದೆ, ಬಾಗುತ್ತದಾ, ಬಾಗುತ್ತದಾ ಅಂತ. ಗಾಳಿ ಬಂದು ಹಗ್ಗ ಸ್ವಲ್ಪ ಅಲುಗಿತು. ಅವನು ಹಗ್ಗವನ್ನು ಇನ್ನೂ ಗಟ್ಟಿಯಾಗಿ ಹಿಡಿದು ನೆಟ್ಟಗೆ ಕೂತ.

ಒಂದೊಂದೇ ಪೆಂಟಿ ಏರಿಸಿದರು. ಅವನ ತಟ್ಟೆ ನೆಲ ಬಿಡಲಿಲ್ಲ. ಇನ್ನೊಂದು ಇಟ್ಟರು. ಬಿಡಲಿಲ್ಲ. ಅಜ್ಜಿ ಹಳದಿ ಬಟ್ಟೆಯ ಗಂಟು ಬಿಚ್ಚಿ, ಅವನ ನಾಲಿಗೆಯ ಕೆಳಗೆ ಸವರಿ ಉಳಿದ ಆ ಚೂರುಗಳನ್ನು ಎಲ್ಲದರ ಮೇಲೆ ಇಟ್ಟಳು.

ಬೇವಿನ ಕೊಂಬೆ ಒಮ್ಮೆ ಕಿರ್ ಅಂದಿತು. ಅಣ್ಣನ ಕಾಲ ಬೆರಳುಗಳು ನೆಲ ಬಿಟ್ಟವು. ಎರಡು ತಟ್ಟೆಗಳೂ ಒಂದೇ ಎತ್ತರದಲ್ಲಿ ಬಂದು ನಿಂತವು.